ಆಡೋಕೆ ಕಳಿಸುವ ಮುಂಚೆ ಕೇಳಬೇಕಾದ ಒಂದು ಮಾತು

ತಂಗೀ, ನಿಮ್ಮ ಪ್ರಶ್ನೆ ನೋಡಿದ ತಕ್ಷಣ ಉತ್ತರ ಬರೆಯೋಣ ಅಂತ ಕೂತೆ. ಮಗನನ್ನು ಈಜು ಕ್ಲಾಸಿಗೆ ಬಿಟ್ಟು ಬರುವಷ್ಟರಲ್ಲಿ ನಮ್ಮ ಕನ್ನಡಿಗರ ಆನ್‌ಲೈನ್ ಗುಂಪಿನಲ್ಲಿ ದೊಡ್ಡ ವಾದವೇ ಶುರುವಾಗಿತ್ತು. ಅದನ್ನೆಲ್ಲ ಓದಿ ಮುಗಿಸಿ ಈಗ ನಿಧಾನವಾಗಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ನೀವು ಕೇಳಿದ್ದು ಇಷ್ಟು. ಯಜಮಾನರಿಗೆ ಡಲ್ಲಾಸ್, ಶಿಕಾಗೊ ಎರಡೂ ಕಡೆ ಕೆಲಸ ಸಿಕ್ಕಿದೆ. ಶಿಕಾಗೊ ಇರೋ ಇಲಿನಾಯ್ಸ್‌ನಲ್ಲಿ ಗನ್ ಬ್ಯಾನ್ ಆಗಿದೆಯಂತೆ. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬರುವವರಿಗೆ ಶಿಕಾಗೊ ಕಡೆಯೇ ವಾಸಿ ಅಲ್ವಾ ಅಕ್ಕ?

ಮೊದಲು ಆ 'ಬ್ಯಾನ್' ಅನ್ನೋ ಮಾತನ್ನು ಸರಿ ಮಾಡಿಕೊಳ್ಳೋಣ. ಇಲಿನಾಯ್ಸ್‌ನಲ್ಲಿ ಗನ್ ಬ್ಯಾನ್ ಆಗಿಲ್ಲ. 2023ರ ಜನವರಿ 10ರಂದು ಗವರ್ನರ್ ಪ್ರಿಟ್ಸ್‌ಕರ್ ಸಹಿ ಹಾಕಿದ ಕಾನೂನು ಕೆಲವು ಬಗೆಯ ಗನ್‌ಗಳನ್ನು ಮಾತ್ರ ಹಿಡಿದಿದೆ. ಇಲ್ಲಿನವರು ಅಸಾಲ್ಟ್ ವೆಪನ್ ಅಂತಾರಲ್ಲ, ಎ.ಆರ್.-15 ತರಹದ್ದು, ಅವನ್ನು ಈ ರಾಜ್ಯದಲ್ಲಿ ಹೊಸದಾಗಿ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಗುಂಡು ತುಂಬುವ ಮ್ಯಾಗಝೀನ್‌ಗೂ ಮಿತಿ ಇದೆ. ಉದ್ದನೆಯ ಗನ್‌ಗೆ 10 ಗುಂಡು, ಕೈ ಪಿಸ್ತೂಲಿಗೆ 15. ಅದಕ್ಕಿಂತ ದೊಡ್ಡದನ್ನು ಮಾರುವಂತಿಲ್ಲ. ಆದರೆ ಕಾನೂನು ಬರುವ ಮುಂಚೆಯೇ ಇಂಥ ಗನ್ ಕೊಂಡವರು ಅದನ್ನು ಇಟ್ಟುಕೊಳ್ಳಬಹುದು. 2024ರ ಜನವರಿ 1ರೊಳಗೆ ರಾಜ್ಯ ಪೊಲೀಸರಿಗೆ ವಿವರ ಕೊಟ್ಟು ದಾಖಲು ಮಾಡಿಸಬೇಕಿತ್ತು, ಅಷ್ಟೇ. ಸಾಮಾನ್ಯ ಪಿಸ್ತೂಲು, ಬೇಟೆಯ ಗನ್ ಎಲ್ಲ ಮೊದಲಿನ ಹಾಗೇ ಅಂಗಡಿಯಲ್ಲಿ ಸಿಗುತ್ತವೆ. ಕೊಳ್ಳೋಕೆ ಫಾಯ್ಡ್ ಕಾರ್ಡ್ ಬೇಕು, ಅಂದರೆ ಗನ್ ಹೊಂದೋಕೆ ರಾಜ್ಯ ಪೊಲೀಸರು ಕೊಡುವ ಗುರುತಿನ ಚೀಟಿ. ಆ ಕಾರ್ಡಿನ ಪದ್ಧತಿ ಇಲ್ಲಿ 1968ರಿಂದ ಇದೆ.

ಗನ್ ಅಂದರೆ ಗನ್ನೇ, ಅದರಲ್ಲಿ ಬಗೆ ಏನು ಬಂತು ಅಂತ ನಿಮಗೆ ಅನ್ನಿಸಬಹುದು. ನನಗೂ ಇಲ್ಲಿಗೆ ಬರುವ ತನಕ ಗೊತ್ತಿರಲಿಲ್ಲ. ನಾನು ಕೊಪ್ಪದ ಕಡೆಯವಳು. ನಮ್ಮಜ್ಜನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಜೋಡುನಳಿಗೆ ಕೋವಿ ಇತ್ತು. ಗದ್ದೆಗೆ ಹಂದಿ ಇಳಿದ ರಾತ್ರಿ ಅಜ್ಜ ಅದನ್ನು ತೆಗೆಯುತ್ತಿದ್ದರು. ಕೋವಿಯನ್ನು ನಡುವಿಗೆ ಮಡಚಿ ಎರಡು ತೋಟೆ ಹಾಕಬೇಕು. ಎರಡು ಈಡು ಹೊಡೆದರೆ ಮುಗಿಯಿತು. ಮತ್ತೆ ಮಡಚಬೇಕು, ಖಾಲಿ ತೋಟೆ ಎಳೆದು ತೆಗೆಯಬೇಕು, ಹೊಸದು ತುಂಬಬೇಕು. ಅಷ್ಟರಲ್ಲಿ ಹಂದಿ ಹಳ್ಳ ದಾಟಿ ಹೋಗಿರುತ್ತಿತ್ತು. ಬೆಳಿಗ್ಗೆ ನಾವು ಮಕ್ಕಳು ಆ ಕೆಂಪು ಖಾಲಿ ತೋಟೆ ಹುಡುಕಿ ತಂದು ಪೀಪಿ ಊದುತ್ತಿದ್ದೆವು. ಮದ್ದಿನ ವಾಸನೆ ದಿನವಿಡೀ ಕೈಗೆ ಅಂಟಿರುತ್ತಿತ್ತು.

ಎ.ಆರ್.-15ಗೆ 30 ಗುಂಡಿನ ಮ್ಯಾಗಝೀನ್ ಸಿಕ್ಕಿಸಬಹುದು. ಕುದುರೆ (ಟ್ರಿಗರ್) ಎಳೆದಷ್ಟು ಸಲ ಗುಂಡು ಹಾರುತ್ತೆ, ಮಧ್ಯೆ ಏನೂ ಮಾಡಬೇಕಿಲ್ಲ. 30 ಮುಗಿದರೆ ಮ್ಯಾಗಝೀನ್ ಕಿತ್ತು ಇನ್ನೊಂದು ಸಿಕ್ಕಿಸೋಕೆ ಕೆಲವೇ ಸೆಕೆಂಡು ಸಾಕು. 2022ರ ಜುಲೈ 4ರಂದು ಹೈಲ್ಯಾಂಡ್ ಪಾರ್ಕ್‌ನಲ್ಲಿ ಆಗಿದ್ದು ಇದೇ. ಶಿಕಾಗೊದ ಉತ್ತರಕ್ಕೆ, ಸರೋವರದ ದಂಡೆಯಲ್ಲಿರುವ ಊರು ಅದು. ಸ್ವಾತಂತ್ರ್ಯ ದಿನದ ಮೆರವಣಿಗೆ ನೋಡೋಕೆ ಜನ ಮಕ್ಕಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ರಸ್ತೆ ಬದಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಅಂಗಡಿಯೊಂದರ ತಾರಸಿ ಮೇಲಿಂದ ಒಬ್ಬ ಒಂದು ನಿಮಿಷವೂ ಆಗದೊಳಗೆ 83 ಗುಂಡು ಹಾರಿಸಿದ. 7 ಜನ ಹೋದರು. ಎರಡು ವರ್ಷದ ಒಂದು ಮಗು ಆ ಬೆಳಿಗ್ಗೆ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡಿತು. ಅಜ್ಜನ ಕೋವಿ ಹಿಡಿದು ಯಾರೂ ಒಂದು ನಿಮಿಷದಲ್ಲಿ ಇಷ್ಟು ಮಾಡೋಕೆ ಆಗಲ್ಲ. 'ಕೆಲವು ಬಗೆ' ಅಂತ ಕಾನೂನು ಬೇರೆ ಮಾಡಿ ಹೇಳೋದು ಇದಕ್ಕೇ.

ಇದರಲ್ಲಿ ನನ್ನನ್ನು ತುಂಬ ಕಾಡಿದ ವಿಷಯ ಇನ್ನೊಂದಿದೆ. ಹೈಲ್ಯಾಂಡ್ ಪಾರ್ಕ್ ಊರು 2013ರಲ್ಲೇ ಇಂಥ ಗನ್‌ಗಳನ್ನು ತನ್ನ ಗಡಿಯೊಳಗೆ ನಿಷೇಧ ಮಾಡಿತ್ತು. ಊರಿನ ನಿಯಮ ಊರಿನ ಗಡಿಗೇ ನಿಂತಿತು. ರಾಜ್ಯದ ಬೇರೆ ಕಡೆ ಅದು ಕಾನೂನುಬದ್ಧವಾಗಿಯೇ ಸಿಗುತ್ತಿತ್ತು, ಆ ಹುಡುಗ ಹಾಗೇ ಕೊಂಡಿದ್ದ. ಮೆರವಣಿಗೆಯ ದುರಂತ ಆದ ಮುಂದಿನ ತಿಂಗಳು, ಆಗಸ್ಟ್‌ನಲ್ಲಿ, ಶಿಕಾಗೊ ಪಕ್ಕದ ನಮ್ಮ ನೇಪರ್‌ವಿಲ್ ನಗರಸಭೆಯೂ ಇಂಥ ಗನ್ ಮಾರಾಟ ನಿಲ್ಲಿಸಿತು. ಜನವರಿಯಲ್ಲಿ ರಾಜ್ಯದ ಕಾನೂನು ಬಂತು. ಈಗ ಗಡಿ ಪಕ್ಕದ ಇಂಡಿಯಾನಾ ರಾಜ್ಯಕ್ಕೆ ಸರಿದಿದೆ. ಅಲ್ಲಿ 2022ರ ಜುಲೈಯಿಂದ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡೋಕೆ ಪರ್ಮಿಟ್ಟೂ ಬೇಕಿಲ್ಲ. ಶಿಕಾಗೊದ ದಕ್ಷಿಣ ಭಾಗದಲ್ಲಿ ರಸ್ತೆ ದಾಟಿದರೆ ಇಂಡಿಯಾನಾ.

ಕೋರ್ಟಿನ ಕಥೆ ಕೇಳಿದವರಿಗೆ ಚುಟುಕಾಗಿ ಹೇಳಿಬಿಡ್ತೀನಿ. ರಾಜ್ಯದ ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ 4-3ರಲ್ಲಿ ಕಾನೂನನ್ನು ಎತ್ತಿಹಿಡಿಯಿತು. 2024ರ ನವೆಂಬರಿನಲ್ಲಿ ರಾಜ್ಯದ ದಕ್ಷಿಣ ಭಾಗದ ಫೆಡರಲ್, ಅಂದರೆ ಕೇಂದ್ರದ, ನ್ಯಾಯಾಧೀಶರೊಬ್ಬರು ಇದು ಸಂವಿಧಾನಕ್ಕೆ ವಿರುದ್ಧ ಅಂದರು. ಮೇಲಿನ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಎಷ್ಟೋ ಕೌಂಟಿಗಳ, ಅಂದರೆ ಜಿಲ್ಲೆಗಳ, ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ಗಳು ಇದನ್ನು ನಾವು ಜಾರಿ ಮಾಡಲ್ಲ ಅಂತ ಶುರುವಿನಲ್ಲೇ ಹೇಳಿದ್ದರು. ಕೆಳಗಡೆ ಹಳ್ಳಿಯ ಕಡೆ ಹೋದರೆ ಅಭಿಪ್ರಾಯವೇ ಬೇರೆ. ರಾಜ್ಯ ಒಂದೇ ಆದರೂ ಮನಸ್ಸು ಒಂದಲ್ಲ.

ನಮ್ಮ ವಿರಾಜಪೇಟೆಯ ಅಣ್ಣ ಬರೆದಿದ್ದನ್ನು ನೀವು ಓದಿರ್ತೀರಿ. ಅವರ ಮಾತು ನನಗೆ ತುಂಬ ಹಿಡಿಸಿತು, ಪೂರ್ತಿ ಒಪ್ಪದಿದ್ದರೂ. "ನಮ್ಮಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಅನ್ನೋ ಹೂ ಸಿಕ್ಕಿಸಿ ದೀಪದ ಮುಂದೆ ಇಟ್ಟು ಪೂಜೆ ಮಾಡ್ತೀವಿ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು. ಕೊಡವರಿಗೆ ಲೈಸೆನ್ಸ್ ಬೇಡ ಅಂತ ಸರಕಾರವೇ ವಿನಾಯಿತಿ ಕೊಟ್ಟಿದೆ, 2029ರ ತನಕ ಮುಂದುವರಿಸಿದೆ. ನಾವು ಶಾಲೆಗೆ ನುಗ್ಗಿ ಮಕ್ಕಳಿಗೆ ಹೊಡೆದಿದ್ದೀವಾ? ತಪ್ಪು ಗನ್ನಿನದಲ್ಲ, ಮನುಷ್ಯನದು" ಅಂದಿದ್ದಾರೆ.

ಅಣ್ಣಾ, ಕೊಡಗಿನ ಕೋವಿಯ ಬಗ್ಗೆ ನೀವು ಹೇಳಿದ್ದು ಅಕ್ಷರಶಃ ನಿಜ. ಆದರೆ ನಿಮ್ಮ ಮನೆಯ ಕೋವಿ ಎಲ್ಲಿದೆ, ಯಾರ ಹೆಸರಿನಲ್ಲಿದೆ ಅಂತ ಊರಿಗೆಲ್ಲ ಗೊತ್ತು. ವಿನಾಯಿತಿ ಪತ್ರದಲ್ಲೂ ಇದೆ. ನಮ್ಮಲ್ಲೂ ಹಾಗೇ. ಎಲೆಕ್ಷನ್ ಬಂತು ಅಂದರೆ ಅಜ್ಜ ಕೋವಿಯನ್ನು ಹಳೇ ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ಸ್ಟೇಷನ್ನಿಗೆ ಒಯ್ದು ಡಿಪಾಸಿಟ್ ಮಾಡಿ ಬರುತ್ತಿದ್ದರು. ಕೊಟ್ಟ ರಸೀದಿಯನ್ನು ಪಂಚಾಂಗದೊಳಗೆ ಮಡಚಿ ಇಡುತ್ತಿದ್ದರು. ಅಷ್ಟು ದಿನ ಹಂದಿ ಗದ್ದೆ ಮೇಯ್ದು ಹಾಕಿತು ಅಂತ ಬೈಯುತ್ತಿದ್ದರು, ಆದರೂ ಪ್ರತಿ ಸಲ ಒಯ್ದು ಇಟ್ಟರು. ಇನ್ನು ತೋಟೆಯ ಡಬ್ಬ ಬೇರೆಯೇ ಪೆಟ್ಟಿಗೆಯಲ್ಲಿ. ಅದರ ಬೀಗದ ಕೈ ಅಜ್ಜಿಯ ಸೆರಗಿನ ಗಂಟಿನಲ್ಲಿ. ಮನೆಯಲ್ಲಿ ಹನ್ನೊಂದು ಮಕ್ಕಳಿದ್ದೆವು, ಒಬ್ಬರಿಗೂ ಆ ಕೈ ಸಿಕ್ಕಿದ್ದಿಲ್ಲ. ಮನುಷ್ಯ ಒಳ್ಳೆಯವನು ಅನ್ನೋ ನಂಬಿಕೆ ನಮ್ಮಲ್ಲೂ ಇತ್ತು. ಅದರ ಜೊತೆಗೆ ಬೀಗವೂ ಇತ್ತು, ರಸೀದಿಯೂ ಇತ್ತು. ಇಲ್ಲಿನ ಕಾನೂನು ಕೇಳುತ್ತಿರೋದು ಅದಕ್ಕಿಂತ ಜಾಸ್ತಿ ಏನಲ್ಲ ಅಂತ ನನಗನ್ನಿಸುತ್ತೆ.

ಡಲ್ಲಾಸಿನ ಬಗ್ಗೆ. ಅಲ್ಲಿ ನನ್ನ ನಾದಿನಿ ಇದ್ದಾಳೆ, ಅವಳ ಮಕ್ಕಳು ಚೆನ್ನಾಗಿ ಬೆಳೆಯುತ್ತಿದ್ದಾರೆ. ಕನ್ನಡಿಗರೂ ಬೇಕಾದಷ್ಟಿದ್ದಾರೆ. ಡಲ್ಲಾಸ್ ಇರೋ ಟೆಕ್ಸಸ್‌ನಲ್ಲಿ ಇಂಥ ಗನ್‌ಗಳಿಗೆ ರಾಜ್ಯದ ನಿಷೇಧ ಇಲ್ಲ. 2021ರಿಂದ ಪಿಸ್ತೂಲು ಇಟ್ಟುಕೊಂಡು ಓಡಾಡೋಕೆ ಲೈಸೆನ್ಸ್ ಬೇಕಿಲ್ಲ. ಅದೊಂದೇ ಕಾರಣಕ್ಕೆ ಒಳ್ಳೆ ಕೆಲಸ ಬಿಡಿ ಅಂತ ನಾನು ಹೇಳಲ್ಲ. ಕಾನೂನು ಇರೋ ರಾಜ್ಯದಲ್ಲೂ ದುರಂತ ಆಗಿದೆ, ಆಗುತ್ತೆ.

ಆದರೆ ಇಂಥ ಕಾನೂನು ಯಾಕೆ ಬೇಕು ಅನ್ನೋರಿಗೆ ಒಂದು ವಿಷಯ. ದೇಶದಲ್ಲಿ ಮೊದಲು ಇಂಥ ಗನ್‌ಗಳಿಗೆ ರಾಜ್ಯದ ಕಾನೂನು ತಂದಿದ್ದು ಕ್ಯಾಲಿಫೋರ್ನಿಯಾ, 1989ರಲ್ಲಿ. ಅದೇ ವರ್ಷ ಜನವರಿಯಲ್ಲಿ ಸ್ಟಾಕ್‌ಟನ್ ಊರಿನ ಪ್ರಾಥಮಿಕ ಶಾಲೆಯ ಆಟದ ಮೈದಾನದಲ್ಲಿ ಇಂಥದ್ದೇ ಗನ್ನಿನ ಗುಂಡಿಗೆ 5 ಮಕ್ಕಳು ಸತ್ತರು. ಆ ಐವರೂ ಕಾಂಬೋಡಿಯಾ, ವಿಯೆಟ್ನಾಂನಿಂದ ಜೀವ ಉಳಿಸಿಕೊಂಡು ಓಡಿ ಬಂದ ಕುಟುಂಬಗಳ ಮಕ್ಕಳು. ಯುದ್ಧ ದಾಟಿ, ಸಮುದ್ರ ದಾಟಿ, ಇನ್ನು ನೆಮ್ಮದಿ ಅಂದುಕೊಂಡು ಮಕ್ಕಳನ್ನು ಶಾಲೆಗೆ ಕಳಿಸಿದ್ದ ತಾಯಂದಿರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಾವು ವಲಸೆ ಬಂದವರು, ಇಲ್ಲಿನ ಗನ್ ವಿಷಯ ಇಲ್ಲಿನವರ ಜಗಳ, ನಮಗ್ಯಾಕೆ ಅಂತ ಗುಂಪಿನಲ್ಲಿ ಒಬ್ಬರು ಬರೆದಿದ್ದರು. ನಮಗೂ ಬೇಕು. ಸಿಟಿಝನ್ ಆದವರು ಓಟು ಹಾಕುವಾಗ ನೆನಪಿಡಬೇಕು.

ಶಾಲೆಗೆ ಬರೋಣ. ನಿಮ್ಮ ದೊಡ್ಡವಳು ಎರಡನೇ ಕ್ಲಾಸು ಅಂದಿರಿ. ಇಲ್ಲಿ ಶಾಲೆಗೆ ಸೇರಿದರೆ ಅವಳಿಗೂ ಲಾಕ್‌ಡೌನ್ ಡ್ರಿಲ್ ಆಗುತ್ತೆ, ಅಂದರೆ ಗನ್ ಹಿಡಿದವರು ಶಾಲೆಗೆ ನುಗ್ಗಿದರೆ ಹೇಗೆ ಅಡಗಿ ಕೂರಬೇಕು ಅನ್ನೋ ಅಭ್ಯಾಸ. ಇಲಿನಾಯ್ಸ್‌ನಲ್ಲಿ ಶಾಲೆ ಶುರುವಾದ 90 ದಿನದೊಳಗೆ ಪೊಲೀಸರ ಜೊತೆ ಸೇರಿ ಒಂದು ಡ್ರಿಲ್ ಮಾಡಲೇಬೇಕು ಅಂತ ನಿಯಮ. ಗುಂಡಿನ ಸದ್ದು ಮಾಡಿ ನಾಟಕ ಆಡಿ ಹೆದರಿಸುವ ಹಾಗಿಲ್ಲ, ಮುಂಚೆಯೇ ಹೇಳಿರಬೇಕು. ಮಗುವಿಗೆ ಬೇಡ ಅಂತ ನೀವು ತಿಳಿಸಲೂಬಹುದು. ಒಳ್ಳೆಯ ನಿಯಮಗಳು. ಆದರೂ ಮಗುವಿನ ತಲೆಯಲ್ಲಿ ಅದು ಕೂತಿರುತ್ತೆ.

ನನ್ನ ಮಗ ಆರು ವರ್ಷದವನಿದ್ದಾಗ ಮನೆಗೆ ಬಂದು ಹೇಳಿದ್ದು ಹೀಗೆ. ಟೀಚರ್ ಲೈಟ್ ಆರಿಸಿದರು, ಬಾಗಿಲಿನ ಗಾಜಿಗೆ ಕಪ್ಪು ಕಾಗದ ಎಳೆದರು, ನಾವೆಲ್ಲ ಮೂಲೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತೆವು, ಸೀನು ಬಂದರೂ ಸೀನಬಾರದು ಅಂದರು. ನಗುತ್ತಲೇ ಹೇಳಿದ. ಆಮೇಲೆ ಒಂದು ತಿಂಗಳಿಗೆ ದೀಪಾವಳಿ ಕಾರ್ಯಕ್ರಮ. ಒಂದು ಶಾಲೆಯ ಹಾಲ್‌ನಲ್ಲಿ ಐನೂರು ಜನ, ವೇದಿಕೆ ಮೇಲೆ ಕೋಲಾಟ. ಇವನು ನನ್ನ ಸೀರೆ ಜಗ್ಗಿ ಕೇಳಿದ, "ಅಮ್ಮ, ಇಲ್ಲಿ ಮೂಲೆ ಯಾವ್ದು? ನಾವೆಲ್ಲ ಒಂದೇ ಮೂಲೆಯಲ್ಲಿ ಹಿಡಿಸ್ತೀವಾ?" ಪಕ್ಕದಲ್ಲಿ ಊರಿಂದ ಬಂದಿದ್ದ ನನ್ನಮ್ಮ ಕೂತಿದ್ದರು. ಅವರಿಗೆ ಅರ್ಥವಾಗಲಿಲ್ಲ. ರಾತ್ರಿ ಬಿಡಿಸಿ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಅವನ ಹಾಸಿಗೆಯಲ್ಲೇ ಹೋಗಿ ಮಲಗಿಕೊಂಡರು.

ಡ್ರಿಲ್ ಆದ ದಿನ ಮಗುವಿನ ಹತ್ತಿರ ಕೂತು ಮಾತಾಡಿ. ಅದೇನೂ ಇಲ್ಲ ಬಿಡು ಅಂತ ತಳ್ಳಿಹಾಕಬೇಡಿ. ಅವರಿಗೆ ಎಲ್ಲ ಗೊತ್ತಿರುತ್ತೆ.

ವೀಸಾ ಮೇಲೆ ಬರುವವರು ಇದನ್ನು ಗಮನ ಇಟ್ಟು ಓದಿ. ಇದು ರಾಜ್ಯದ್ದಲ್ಲ, ಫೆಡರಲ್ ಕಾನೂನು. ಎಚ್-1ಬಿ, ಎಚ್-4, ಎಲ್-1, ವಿದ್ಯಾರ್ಥಿ ವೀಸಾ, ಇಂಥ ಯಾವ ವೀಸಾದಲ್ಲಿ ಇದ್ದರೂ ಸಾಮಾನ್ಯವಾಗಿ ಗನ್ ಹೊಂದುವ ಹಾಗೇ ಇಲ್ಲ. ಬೇಟೆಯ ಲೈಸೆನ್ಸ್ ಪಡೆದವರಿಗೆ ವಿನಾಯಿತಿ ಇದೆ, ಇನ್ನೂ ಒಂದೆರಡು ಇವೆ, ಅಷ್ಟೇ. ಆಫೀಸಿನವರು ಶೂಟಿಂಗ್ ರೇಂಜಿಗೆ ಹೋಗೋಣ ಬಾ ಅಂತ ಕರೀತಾರೆ. ಅಲ್ಲಿ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿದರೂ ತೊಂದರೆ ಆಗಬಹುದು. ಫೋಟೊ ತೆಗೆದು ಎಲ್ಲರಿಗೂ ಹಂಚಿದರೆ ಇನ್ನೂ ಕಷ್ಟ. ಗ್ರೀನ್ ಕಾರ್ಡ್ ಆದವರು ಕೊಳ್ಳಬಹುದು. ಆದರೆ ಗನ್ ಕೇಸಿನಲ್ಲಿ ಶಿಕ್ಷೆ ಆದರೆ ಗ್ರೀನ್ ಕಾರ್ಡ್ ಇದ್ದರೂ ದೇಶ ಬಿಡಬೇಕಾಗಬಹುದು. ಅನುಮಾನ ಇದ್ದರೆ ವಕೀಲರನ್ನು ಕೇಳಿ, ನನ್ನ ಮಾತನ್ನೇ ನಂಬಿ ಕೂರಬೇಡಿ.

ಕಾಲೇಜಿಗೆ ಹೋಗುವ ಮಕ್ಕಳಿರುವವರಿಗೆ ಇನ್ನೊಂದು. 21 ವರ್ಷದೊಳಗಿನವರು ಫಾಯ್ಡ್ ಕಾರ್ಡಿಗೆ ಅರ್ಜಿ ಹಾಕಬೇಕಾದರೆ ಅಪ್ಪನೋ ಅಮ್ಮನೋ ಸಹಿ ಹಾಕಬೇಕು. ಹೈಲ್ಯಾಂಡ್ ಪಾರ್ಕ್‌ನ ಆ ಹುಡುಗನಿಗೆ ಅಪ್ಪ ಸಹಿ ಹಾಕಿದ್ದರು. ಮನೆಯಲ್ಲಿ ಮುಂಚೆಯೇ ಪೊಲೀಸರು ಬಂದು ಹೋಗಿದ್ದರೂ ಹಾಕಿದ್ದರು. 2023ರಲ್ಲಿ ಆ ತಂದೆ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ಮಗ ಹಟ ಮಾಡುತ್ತಾನೆ, ಒಂದು ಸಹಿ ತಾನೇ ಅಂತ ಹಾಕಬೇಡಿ. ಮನೆಯಲ್ಲಿ ಯಾರಾದರೂ ಜೀವದ ಮೇಲೆ ಬೇಸರದಲ್ಲಿದ್ದರೆ, ಅವರ ಹತ್ತಿರ ಗನ್ ಇದ್ದರೆ, ಅದನ್ನು ಸ್ವಲ್ಪ ಕಾಲ ತೆಗೆದಿಡಿ ಅಂತ ಕೋರ್ಟಿಗೆ ಮನೆಯವರೇ ಅರ್ಜಿ ಕೊಡುವ ದಾರಿ ಈ ರಾಜ್ಯದಲ್ಲಿ 2019ರಿಂದ ಇದೆ. ಇದನ್ನು ನಮ್ಮವರು ಮುಚ್ಚಿಡೋದೇ ಜಾಸ್ತಿ. ಮುಚ್ಚಿಡಬೇಡಿ.

ನಮ್ಮ ಮನೆಗಳಲ್ಲಿ ಚಿನ್ನ ಇರುತ್ತೆ ಅಂತ ಕಳ್ಳರು ನುಗ್ತಾರೆ, ಅದಕ್ಕೆ ಪಿಸ್ತೂಲು ಇಟ್ಟಿದ್ದೀನಿ ಅಂದ ತುಮಕೂರಿನ ಅಣ್ಣನ ಭಯ ನನಗೆ ಅರ್ಥವಾಗುತ್ತೆ. ನಮ್ಮ ಬೀದಿಯಲ್ಲೂ ಒಂದು ಮನೆಗೆ ಹಾಗೇ ಆಯಿತು. ಅವತ್ತೇ ನಾನು ಸರ, ಬಳೆ ಎಲ್ಲ ಬ್ಯಾಂಕ್ ಲಾಕರಿಗೆ ಹಾಕಿ ಬಂದೆ. ನಿಮ್ಮ ಪಿಸ್ತೂಲು ನಿಮ್ಮ ಹಕ್ಕು ಅಣ್ಣ, ಈ ಕಾನೂನು ಅದನ್ನು ಮುಟ್ಟಿಲ್ಲ. ಆದರೆ "ರಾತ್ರಿ ಕೈಗೆ ಸಿಗೋ ಹಾಗೆ ದಿಂಬಿನ ಪಕ್ಕ ಇಡ್ತೀನಿ" ಅಂದಿರಲ್ಲ, ಅದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ನಿಮಗೆ ಕೈಗೆ ಸಿಗೋದು ನಿಮ್ಮ ಐದು ವರ್ಷದ ಮಗಳಿಗೂ ಸಿಗುತ್ತೆ. ಈ ದೇಶದಲ್ಲಿ 2020ರಿಂದ ಒಂದು ವರ್ಷ ದಾಟಿದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಗನ್ ಆಗಿದೆ, ಕಾರು ಅಪಘಾತವನ್ನೂ ಮೀರಿ. ಅದರಲ್ಲಿ ಎಷ್ಟೋ ಸಾವು ಮನೆಯೊಳಗೇ ಆಗಿರೋದು. ಟಿವಿಯಲ್ಲಿ ಬರೋದು ಮೆರವಣಿಗೆ, ಶಾಲೆ. ಡ್ರಾಯರಿನ ಗನ್ ಟಿವಿಯಲ್ಲಿ ಬರಲ್ಲ.

ಹಾಗಾಗಿ ನನಗೆ ಎ.ಆರ್.-15ರ ಕಾನೂನಿಗಿಂತ 2026ರ ಜನವರಿ 1ರಿಂದ ಬಂದ ಇನ್ನೊಂದು ಕಾನೂನು ದಿನನಿತ್ಯಕ್ಕೆ ಹತ್ತಿರ. 18 ವರ್ಷದೊಳಗಿನವರ ಕೈಗೆ ಸಿಗಬಹುದಾದ ಮನೆಯಲ್ಲಿ ಗನ್ ಇದ್ದರೆ ಅದನ್ನು ಬೀಗ ಹಾಕಿಡಬೇಕು. ಮುಂಚೆ ಇದು 14ರೊಳಗಿನ ಮಕ್ಕಳಿಗೆ ಮಾತ್ರ ಇತ್ತು. ತಪ್ಪಿದರೆ 10,000 ಡಾಲರ್‌ವರೆಗೆ ದಂಡ. ಆದರೆ ಯಾವ ಪೊಲೀಸರೂ ಮನೆಮನೆಗೆ ಬಂದು ಡ್ರಾಯರ್ ಎಳೆದು ನೋಡಲ್ಲ. ಅಲ್ಲಿ ಕೇಳಬೇಕಾದವರು ನಾವೇ. ಮಕ್ಕಳ ವೈದ್ಯರ ಸಂಘದವರೂ ಇದನ್ನೇ ಹೇಳುತ್ತಾರೆ, ಅದಕ್ಕೆಂದೇ ಜೂನ್ 21ನ್ನು ಒಂದು ದಿನವಾಗಿ ಇಟ್ಟಿದ್ದಾರೆ. ಮಗುವನ್ನು ಇನ್ನೊಬ್ಬರ ಮನೆಗೆ ಆಡೋಕೆ ಕಳಿಸುವ ಮುಂಚೆ ಕೇಳಿ: ನಿಮ್ಮ ಮನೆಯಲ್ಲಿ ಬೀಗ ಹಾಕದ ಗನ್ ಇದೆಯಾ?

ನಮ್ಮವರಿಗೆ ಇದು ಬಾಯಿಗೇ ಬರಲ್ಲ. ಏನಂದುಕೊಳ್ತಾರೋ, ಅವಮಾನ ಆಯ್ತು ಅಂದುಕೊಂಡರೆ, ಮಗನಿಗಿರೋ ಒಬ್ಬ ಗೆಳೆಯನೂ ಹೋದರೆ. ನಾನೂ ಎರಡು ವರ್ಷ ಕೇಳಿರಲಿಲ್ಲ. ಆಮೇಲೆ ಒಂದು ಶನಿವಾರ ಮಗ ಗೆಳೆಯನ ಮನೆಯಿಂದ ಬಂದು ಕೈ ತೊಳೆಯುತ್ತಾ ಹೇಳಿದ. "ಅವನ ಡ್ಯಾಡಿ ಮಂಚದ ಡ್ರಾಯರ್‌ನಲ್ಲಿ ನಿಜವಾದ ಗನ್ ಇದೆ ಅಮ್ಮ. ನಾನು ಮುಟ್ಟಲಿಲ್ಲ. ಅವನು ಮುಟ್ಟಿದ." ನಲ್ಲಿ ಓಡುತ್ತಲೇ ಇತ್ತು. ನಾನು ಅದನ್ನು ನಿಲ್ಲಿಸಲೂ ಇಲ್ಲ.

ಆ ರಾತ್ರಿ ನಾಲ್ಕು ಸಲ ಬರೆದು ಅಳಿಸಿ ಕೊನೆಗೆ ಅವನ ತಾಯಿಗೆ ಮೆಸೇಜ್ ಕಳಿಸಿದೆ. ತಂಗೀ, ನಿಮಗೂ ಬೇಕಾಗುತ್ತೆ, ಅದರ ಸಾರ ಇಲ್ಲಿ ಹಾಕ್ತೀನಿ: "ಮುಂದಿನ ವಾರವೂ ಇವನಿಗೆ ನಿಮ್ಮ ಮನೆಗೆ ಬರೋ ಆಸೆ. ಎರಡು ವಿಷಯ. ಇವನಿಗೆ ಕಡಲೆಕಾಯಿ ಆಗಲ್ಲ. ಇನ್ನೊಂದು, ನಾನು ಎಲ್ಲರ ಮನೆಗೂ ಕೇಳ್ತೀನಿ, ಗನ್ ಇದ್ದರೆ ಬೀಗದೊಳಗೆ ಇರುತ್ತಾ? ನಮ್ಮ ಮನೆಯಲ್ಲಿ ಗನ್ ಇಲ್ಲ. ನೀವೂ ಏನು ಬೇಕಾದರೂ ಕೇಳಿ." ಕಡಲೆಕಾಯಿ ಜೊತೆ ಸೇರಿಸಿದ್ದು ಕೆಲಸ ಮಾಡಿತು. ಅಲರ್ಜಿ ಕೇಳೋದು ಇಲ್ಲಿ ಎಲ್ಲರಿಗೂ ರೂಢಿ.

ಹತ್ತು ನಿಮಿಷ ಉತ್ತರ ಬರಲಿಲ್ಲ. ಆಮೇಲೆ ಫೋನೇ ಬಂತು. ಆಕೆ ಅಳುತ್ತಿದ್ದಳು. ಎರಡು ಗನ್ ಸೇಫಿನಲ್ಲೇ ಇವೆಯಂತೆ, ಡ್ರಾಯರಿನದು ಅವಳಿಗೆ ಮರೆತೇ ಹೋಗಿತ್ತಂತೆ. ನಾನು ಕೇಳಿದ್ದಕ್ಕೆ ಥ್ಯಾಂಕ್ಸ್ ಅಂದಳು, ಮೂರು ಸಲ.

ಮಕ್ಕಳ ಗೆಳೆತನ ಉಳಿಯಿತು. ಮುಂದಿನ ಸಲ ಹೋಗಿ ಬಂದ ಮಗ ಚಪ್ಪಲಿ ಬಿಡುವ ಮುಂಚೆಯೇ ವರದಿ ಒಪ್ಪಿಸಿದ. ಅವರ ಮನೆಯ ಡ್ರಾಯರ್‌ನಲ್ಲಿ ಈಗ ಬರೀ ಸಾಕ್ಸ್ ಇವೆ. ಕಪಾಟಿನ ಮೇಲೆ ಹೊಸ ಕಬ್ಬಿಣದ ಪೆಟ್ಟಿಗೆ ಬಂದಿದೆ, ನಂಬರ್ ಒತ್ತಿದರೆ ಮಾತ್ರ ತೆರೆಯುತ್ತೆ. ನಂಬರ್ ಏನು ಅಂತ ಇಬ್ಬರೂ ಸೇರಿ ಎಷ್ಟು ಕೇಳಿದರೂ ಅವನ ಅಮ್ಮ ಹೇಳಲಿಲ್ಲವಂತೆ.